ಮೆಕ್‌ನಲ್ಟಿ, ಕ್ಯಾಥ್ಲೀನ್
1921-2006. ಎನಿಯಾಕ್ ಎಲೆಕ್ಟ್ರಾನಿಕ್ ಗಣಕಯಂತ್ರಕ್ಕೆ ಪ್ರೋಗ್ರಾಮ್ ರಚಿಸಿದ ಮೊದಲ ಆರು ಮಹಿಳೆಯರಲ್ಲಿ ಒಬ್ಬಳು. ಕೇ ಎಂಬ ಹೆಸರಿನಿಂದ ಪರಿಚಿತೆ. ಐರ್ಲೆಂಡಿನ ಡಾನಿಗಾಲ್ ಪ್ರಾಂತದ ಕ್ರೀಸ್ಲೊ ಬಳಿ 1921ರ ಫೆಬ್ರವರಿ 12ರಂದು ಜನನ. ತಂದೆ ಜೇಮ್ಸ್ ಐರಿಷ್ ಗಣರಾಜ್ಯ ಸೇನೆಯ ತರಬೇತುದಾರ. ಮಗಳು ಹುಟ್ಟಿದ ರಾತ್ರಿಯೇ ಬಂಧಿತನಾಗಿ ಎರಡು ವರ್ಷ ಸೆರೆಯಲ್ಲಿದ್ದ. 1924ರಲ್ಲಿ ಕುಟುಂಬ ಅಮೆರಿಕದ ಫಿಲಡೆಲ್ಫಿಯಕ್ಕೆ ವಲಸೆ ಹೋಯಿತು. ಅಲ್ಲಿ ತಂದೆ ಕಲ್ಲುಕಟ್ಟಡದ ಕೆಲಸ ಹಿಡಿದ. ಆಗ ಈಕೆಗೆ ಐರಿಷ್ ಮಾತ್ರ ಬರುತ್ತಿತ್ತು. ಚೆಸ್ಟ್‌ನಟ್ ಹಿಲ್ ಕಾಲೇಜಿನಿಂದ ಗಣಿತದಲ್ಲಿ ಪದವಿ (1942). ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಮೂರ್ ಶಾಲೆಯಲ್ಲಿ ಸೇನೆಗಾಗಿ ಫಿರಂಗಿ ಗುಂಡುಗಳ ಪಥವನ್ನು ಲೆಕ್ಕಹಾಕುತ್ತಿದ್ದ ಈಕೆ 1945ರಲ್ಲಿ ಎನಿಯಾಕ್‌ಗೆ ಆಯ್ಕೆಯಾದಳು. ಕೈಪಿಡಿಯಿಲ್ಲದೆ, ನಕ್ಷೆಗಳಿಂದಲೇ ಯಂತ್ರವನ್ನು ಅರಿತು, ತಂತಿ ಮತ್ತು ಸ್ವಿಚ್ಚುಗಳಿಂದ ಅದನ್ನು ಅಣಿಗೊಳಿಸಬೇಕಿತ್ತು. 1948ರಲ್ಲಿ ಯಂತ್ರದ ಸಹನಿರ್ಮಾಪಕ ಜಾನ್ ಮಾಕ್ಲಿಯೊಂದಿಗೆ ವಿವಾಹ, ಐವರು ಮಕ್ಕಳು. ಆತನ ಮರಣಾನಂತರ ಛಾಯಾಗ್ರಾಹಕ ಸೆವೆರೊ ಆಂಟೊನೆಲ್ಲಿಯನ್ನು ವರಿಸಿದಳು (1985). ಮನ್ನಣೆ ತಡವಾಗಿ, 1997ರ ಹೊತ್ತಿಗೆ ದೊರೆಯಿತು.