ಚರ್ಮದ ಕಾಯಿಲೆಗೆ ಮದ್ದು ಹುಡುಕಿದ ಹಾದಿ

ಮೈಸೂರಿನಿಂದ ಹುಣಸೂರಿಗೆ ಹೋಗುವ ಹೆದ್ದಾರಿಯಲ್ಲಿ ಬಿಳಿಕೆರೆ ಒಂದು ಕವಲು. ಒಂದು ದಾರಿ ಕೆ.ಆರ್. ನಗರ, ಹೊಳೆನರಸೀಪುರದ ಮೇಲೆ ಹಾಸನಕ್ಕೆ ಹೊರಳುತ್ತದೆ. ಇನ್ನೊಂದು ಹುಣಸೂರು, ಪಿರಿಯಾಪಟ್ಟಣ ದಾಟಿ ಕೊಡಗಿನತ್ತ ಸಾಗುತ್ತದೆ. ಸುತ್ತಲಿನ ಹೊಲಗಳಲ್ಲಿ ಹೊಗೆಸೊಪ್ಪು, ಶುಂಠಿ, ರಾಗಿ; ನಾಲೆ ಬಯಲಿನಲ್ಲಿ ಭತ್ತ. ಹೊಗೆಸೊಪ್ಪಿನ ಎಲೆ ಮುರಿಯುವಾಗ ಕೈಗೆ ಅಂಟುವ ಕಪ್ಪು ಜಿಗಟು, ಅದನ್ನು ಹದಮಾಡುವ ಬ್ಯಾರನ್ ಒಳಗಿನ ಬಿಸಿ, ಗದ್ದೆಯ ಕೆಸರು, ಬದುವಿನ ಮೇಲಿನ ಕಾಂಗ್ರೆಸ್ ಗಿಡ, ಎಲ್ಲವನ್ನೂ ಮೊದಲು ಎದುರಿಸುವುದು ಮೈಚರ್ಮ. ಅಲ್ಲಿ ಬಂದ ಕಾಯಿಲೆ ನಾಲ್ಕು ದಿನಕ್ಕೆ ಹೋಗದೆ ನಾಲ್ಕು ವರ್ಷ ಉಳಿದರೆ ಮನುಷ್ಯ ತುರಿಕೆಯ ಜೊತೆಗೆ ಜನರ ನೋಟವನ್ನೂ ಹೊತ್ತು ಬದುಕಬೇಕಾಗುತ್ತದೆ. ಮದುವೆ ಮಾತುಕತೆ ಮುರಿಯುತ್ತದೆ, ಕೂಲಿಗೆ ಕರೆಯುವವರು ಕಡಿಮೆಯಾಗುತ್ತಾರೆ, ಪಂಕ್ತಿಯಲ್ಲಿ ಪಕ್ಕದ ಎಲೆ ಖಾಲಿ ಉಳಿಯುತ್ತದೆ.

ಇಂಥ ಕಾಯಿಲೆಗಳಿಗೆ ನಮ್ಮ ನಾಡು ಮದ್ದು ಹುಡುಕಿದ ಕತೆ ದೀರ್ಘವಾದದ್ದು. ಅದನ್ನು ಮೊದಲಿನಿಂದ ಓದುತ್ತ ಬಂದರೆ ಒಂದು ವಿಷಯ ಎದ್ದು ಕಾಣುತ್ತದೆ. ಚಿಕಿತ್ಸೆ ರೋಗಿಯ ಊರಿಗೆ ಬಂದು, ಕಾಯಿಲೆ ಇರುವಷ್ಟು ಕಾಲವೂ ಜೊತೆಗೆ ನಿಂತಾಗ ನಾವು ಗೆದ್ದಿದ್ದೇವೆ. ಔಷಧಿಯನ್ನು ಊರಾಚೆಯ ಅಂಗಡಿಗೆ ಬಿಟ್ಟು ಕೈತೊಳೆದುಕೊಂಡಾಗಲೆಲ್ಲ ಸೋತಿದ್ದೇವೆ.

ಹರಕೆ, ಬೇರು, ಬೀಜ

ಆಯುರ್ವೇದದ ಚರಕ ಸಂಹಿತೆ ಚರ್ಮದ ಕಾಯಿಲೆಗಳನ್ನು ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠ ಎಂದು ಹದಿನೆಂಟಾಗಿ ವಿಂಗಡಿಸಿತು. ತೊನ್ನನ್ನೂ ಅದೇ ಅಧ್ಯಾಯದಲ್ಲಿ ವಿವರಿಸಿತು. ಬೇವು, ಕಾಚು, ಬಾವಂಚಿ, ಪಶ್ಚಿಮ ಘಟ್ಟದ ತುವರಕದ ಎಣ್ಣೆ ಆ ಕಾಲದಿಂದ ಬಂದ ಮದ್ದುಗಳು. ಇವುಗಳಲ್ಲಿ ಎರಡು ಆಧುನಿಕ ವೈದ್ಯಕ್ಕೂ ದಾಟಿದವು. ತುವರಕದ ಜಾತಿಯ ಬೀಜಗಳಿಂದ ತೆಗೆದ ಚಾಲ್ಮೂಗ್ರಾ ಎಣ್ಣೆಯೇ 20ನೇ ಶತಮಾನದ ಮೊದಲರ್ಧದಲ್ಲಿ ಜಗತ್ತಿನಾದ್ಯಂತ ಕುಷ್ಠಕ್ಕಿದ್ದ ಮುಖ್ಯ ಔಷಧಿ. ಬಾವಂಚಿ ಬೀಜದಲ್ಲಿರುವ ಸೋರಾಲೆನ್ ಎಂಬ ಅಂಶವೇ ಮುಂದೆ ತೊನ್ನು ಮತ್ತು ಸೋರಿಯಾಸಿಸ್‌ನ ಬೆಳಕಿನ ಚಿಕಿತ್ಸೆಗೆ ತಳಹದಿಯಾಯಿತು.

ಮದ್ದಿನ ಜೊತೆಗೆ ಹರಕೆಯೂ ನಡೆದುಬಂತು. ವಾಸಿಯಾಗದ ಚರ್ಮರೋಗವನ್ನು ನಾಗದೋಷವೆಂದು ನಂಬಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗುವವರು ಇಂದಿಗೂ ಇದ್ದಾರೆ. ಭಕ್ತಿಯಲ್ಲಿ ಸಿಗುವ ಸಮಾಧಾನವನ್ನು ಯಾರೂ ಕಿತ್ತುಕೊಳ್ಳಬೇಕಿಲ್ಲ. ಆದರೆ ಉಂಡ ಎಲೆಯ ಮೇಲೆ ಉರುಳಿದರೆ ಚರ್ಮರೋಗ ಹೋಗುತ್ತದೆಂಬ ಮಡೆಸ್ನಾನವನ್ನು ತಡೆಯಲು ಕರ್ನಾಟಕ 2017ರಲ್ಲಿ ಕಾನೂನನ್ನೇ ತರಬೇಕಾಯಿತು. ಕಾಯಿಲೆಯನ್ನು ಪಾಪದ ಫಲವೆಂದು ನೋಡುವ ಕಣ್ಣು ರೋಗಿಯನ್ನು ಮೊದಲೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುತ್ತದೆ. ಹಾಗೆ ನಿಂತವರು ತೋರಿಸಿಕೊಳ್ಳಲು ಹಿಂಜರಿಯುತ್ತಾರೆ. ಹಿಂಜರಿದಷ್ಟೂ ಕಾಯಿಲೆ ಬೇರುಬಿಡುತ್ತದೆ.

ಕುಷ್ಠ: ಮನೆ ಬಾಗಿಲಿಗೆ ಬಂದ ಔಷಧಿ

ದೀರ್ಘಕಾಲದ ಚರ್ಮರೋಗವನ್ನು ಒಂದು ನಾಡು ಹೇಗೆ ಎದುರಿಸಬಹುದು ಎಂಬುದಕ್ಕೆ ಕುಷ್ಠವೇ ದೊಡ್ಡ ಉದಾಹರಣೆ. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಅದರ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ರೋಗ ಬರುವುದು ಸೂಕ್ಷ್ಮಜೀವಿಯಿಂದ ಎಂದು ಗೊತ್ತಾದ ಮೇಲೂ ಸಮಾಜದ ಭಯ ಇಳಿಯಲಿಲ್ಲ. 1898ರ ಕುಷ್ಠರೋಗಿಗಳ ಕಾಯಿದೆ ಬಡ ರೋಗಿಗಳನ್ನು ಹಿಡಿದು ಆಶ್ರಮಗಳಲ್ಲಿ ಕೂಡಿಹಾಕಲು ಅವಕಾಶ ಕೊಟ್ಟಿತು. ಅದೇ ಹೊತ್ತಿಗೆ ಕರುಣೆಯ ಮನೆಗಳೂ ಹುಟ್ಟಿದವು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಔಷಧಿ ಕೊಡಲು ಆರಂಭಿಸಿದ ಫಾದರ್ ಆಗಸ್ಟಸ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗೆ ನೆಲೆಯೊಂದನ್ನು ಕಟ್ಟಿದರು. ಆಗ ವಾಸಿಮಾಡುವ ಔಷಧಿ ಇರಲಿಲ್ಲ. ಅನ್ನ, ಆಸರೆ, ಹುಣ್ಣಿನ ಆರೈಕೆ ಇತ್ತು.

ವಾಸಿಮಾಡುವ ಔಷಧಿ ಬಂದದ್ದು 1940ರ ದಶಕದಲ್ಲಿ. ಡ್ಯಾಪ್ಸೋನ್ ಮತ್ತು ಅದರ ಸಂಬಂಧಿ ಔಷಧಿಗಳು ಅಮೆರಿಕದ ಕಾರ್ವಿಲ್‌ನಲ್ಲೂ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲೂ ಪರೀಕ್ಷೆಗೊಳಗಾದವು. ವೆಲ್ಲೂರಿನಲ್ಲಿ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಇನ್ನೊಂದು ಸತ್ಯವನ್ನು ತೋರಿಸಿದರು: ಕುಷ್ಠರೋಗಿಯ ಬೆರಳು ತಾನಾಗಿ ಉದುರುವುದಿಲ್ಲ, ನರ ಸತ್ತು ನೋವು ಗೊತ್ತಾಗದೆ ಗಾಯವಾಗಿ ಹಾಳಾಗುತ್ತದೆ. ಹಾಗಾದರೆ ಮೃದು ರಬ್ಬರಿನ ಚಪ್ಪಲಿ, ದಿನವೂ ಕಾಲು ನೆನೆಸಿ ನೋಡಿಕೊಳ್ಳುವ ಅಭ್ಯಾಸ, ಬಿಸಿ ಪಾತ್ರೆ ಹಿಡಿಯಲು ಬಟ್ಟೆ, ಇವೂ ಚಿಕಿತ್ಸೆಯೇ.

ಕರ್ನಾಟಕದಲ್ಲಿ 1970ರ ದಶಕ ಒಂದು ತಿರುವು. ಹುಣಸೂರಿನ ಕಲ್ಲಹಳ್ಳಿಯವರಾದ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದ ಆ ಕಾಲದಲ್ಲಿ, 1975ರಲ್ಲಿ, ರಾಜ್ಯ ಭಿಕ್ಷಾಟನೆ ನಿಷೇಧ ಕಾಯಿದೆ ತಂದಿತು. ದಶಕದ ಕೊನೆಗೆ ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಕ್ರೈಸ್ತ ಮಹಾಧರ್ಮಪ್ರಾಂತ್ಯದ ಆಸರೆಯಲ್ಲಿ ಸುಮನಹಳ್ಳಿ ತಲೆಯೆತ್ತಿತು. ಬೀದಿಯಲ್ಲಿ ಕೈಚಾಚುತ್ತಿದ್ದ ಕುಷ್ಠರೋಗಿಗಳಿಗೆ ಅಲ್ಲಿ ಚಿಕಿತ್ಸೆಯ ಜೊತೆ ಕೆಲಸವನ್ನೂ ಕಲಿಸಲಾಯಿತು.

ಡ್ಯಾಪ್ಸೋನ್ ಒಂದನ್ನೇ ವರ್ಷಗಟ್ಟಲೆ ನುಂಗಿದ್ದರಿಂದ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಾಯಿತು. ಹಾಗಾಗಿ ರಿಫಾಂಪಿಸಿನ್, ಕ್ಲೋಫಾಜಿಮಿನ್ ಸೇರಿಸಿದ ಬಹುಔಷಧಿ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದ ಆರಂಭದಲ್ಲಿ ಶಿಫಾರಸು ಮಾಡಿತು. 1983ರಲ್ಲಿ ನಮ್ಮ ರಾಷ್ಟ್ರೀಯ ಕುಷ್ಠ ನಿರ್ಮೂಲನಾ ಕಾರ್ಯಕ್ರಮ ಆರಂಭವಾಯಿತು. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಮೈಮೇಲಿನ ಸ್ಪರ್ಶಜ್ಞಾನವಿಲ್ಲದ ಮಚ್ಚೆ ಹುಡುಕಿದರು. ಮಾತ್ರೆಯ ಪಟ್ಟಿಯನ್ನು ಕೈಗಿಟ್ಟರು. ಆರು ತಿಂಗಳೋ ಹನ್ನೆರಡು ತಿಂಗಳೋ ಮುಗಿಯುವ ತನಕ ಹಿಂಬಾಲಿಸಿದರು. ಎಲ್ಲವೂ ಉಚಿತ. 2005ರ ಕೊನೆಗೆ ದೇಶದಲ್ಲಿ ರೋಗಿಗಳ ಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. 1898ರ ಕಾಯಿದೆ ರದ್ದಾಗಲು 2016 ಬರಬೇಕಾಯಿತು; ಕುಷ್ಠ ವಿಚ್ಛೇದನಕ್ಕೆ ಕಾರಣವೆಂಬ ನಿಯಮವನ್ನು ತೆಗೆದದ್ದು 2019ರಲ್ಲಿ. ಔಷಧಿ ದೇಹವನ್ನು ಬಿಡಿಸಿದ ಎಷ್ಟೋ ವರ್ಷಗಳ ಮೇಲೆ ಕಾನೂನು ಮನುಷ್ಯನನ್ನು ಬಿಡಿಸಿತು. ರೋಗ ಇನ್ನೂ ಪೂರ್ತಿ ಹೋಗಿಲ್ಲ. ಹೊಸ ರೋಗಿಗಳು ಪ್ರತಿವರ್ಷ ಪತ್ತೆಯಾಗುತ್ತಲೇ ಇದ್ದಾರೆ. ಆದ್ದರಿಂದಲೇ ಆಶಾ ಕಾರ್ಯಕರ್ತೆಯರ ಮನೆಭೇಟಿ ನಿಲ್ಲಬಾರದು.

ಕಾಂಗ್ರೆಸ್ ಗಿಡದ ಅರ್ಧ ಶತಮಾನ

ಕುಷ್ಠದೊಡನೆ ಸೆಣಸುತ್ತಿದ್ದ ಹೊತ್ತಿಗೇ ಬಯಲುಸೀಮೆಯ ರೈತನಿಗೆ ಹೊಸ ಕಾಟ ಶುರುವಾಯಿತು. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಕೆಲವೇ ವರ್ಷಗಳಲ್ಲಿ ಕರ್ನಾಟಕದ ರಸ್ತೆಬದಿ, ಬೀಳು, ಹೊಲದ ಬದು ಎಲ್ಲವನ್ನೂ ಆವರಿಸಿತು. ಅದರ ಸೂಕ್ಷ್ಮ ರೋಮಗಳಲ್ಲಿರುವ ಪಾರ್ಥೇನಿನ್ ಗಾಳಿಯಲ್ಲಿ ತೇಲಿ ಬಂದು ಚರ್ಮಕ್ಕೆ ತಾಗುತ್ತದೆ. ಒಮ್ಮೆ ದೇಹ ಅದಕ್ಕೆ ಅಲರ್ಜಿ ಕಲಿತರೆ ಮರೆಯುವುದಿಲ್ಲ. ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ಕೆಂಪಾಗಿ ಆರಂಭವಾಗುವ ತುರಿಕೆ ಕ್ರಮೇಣ ಮುಖದ ಚರ್ಮವನ್ನೇ ದಪ್ಪಗಟ್ಟಿಸಿ ಕಪ್ಪಾಗಿಸುತ್ತದೆ. ಮಳೆಗಾಲದಲ್ಲಿ ಗಿಡ ಹುಲುಸಾದಾಗ ಉಲ್ಬಣ, ಬೇಸಿಗೆಯಲ್ಲಿ ಸ್ವಲ್ಪ ಇಳಿತ; ಬರಬರುತ್ತ ವರ್ಷವಿಡೀ. ಹೊಲದಲ್ಲೇ ದುಡಿಯಬೇಕಾದವನಿಗೆ ಗಿಡದಿಂದ ದೂರವಿರು ಎಂದು ಹೇಳಿ ಪ್ರಯೋಜನವೇನು?

ಈ ಕಾಯಿಲೆಯನ್ನು ಅರಿಯುವಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು 1970ರ ದಶಕದಿಂದ ಮಾಡಿದ ಸಂಶೋಧನೆ ಮುಖ್ಯವಾದದ್ದು. ಪಾರ್ಥೇನಿನ್ ಹೇಗೆ ಅಲರ್ಜಿ ಎಬ್ಬಿಸುತ್ತದೆಂದು ಅವರು ರೋಗಿಗಳಲ್ಲೇ ಪರೀಕ್ಷಿಸಿ ತೋರಿಸಿದರು. ಕರ್ನಾಟಕ ಸರ್ಕಾರ 1975ರಲ್ಲಿ ಈ ಗಿಡವನ್ನು ಕೃಷಿ ಪೀಡೆಯೆಂದು ಘೋಷಿಸಿತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ 1983ರಲ್ಲಿ ಮೆಕ್ಸಿಕೋದಿಂದ ಜೈಗೋಗ್ರಾಮ ದುಂಬಿಯನ್ನು ತರಿಸಿ, ಮರುವರ್ಷ ಬೆಂಗಳೂರಿನ ಸುತ್ತ ಬಿಟ್ಟಿತು. ಕೃಷಿ ವಿಜ್ಞಾನಿ ಎಂ. ಮಹದೇವಪ್ಪ ಚಗಚೆಯ ಜಾತಿಯ ಗಿಡಗಳನ್ನು ಬೆಳೆಸಿ ಪಾರ್ಥೇನಿಯಂ ಅನ್ನು ಹಿಂದೂಡುವ ದಾರಿಯನ್ನು ಪ್ರಚಾರ ಮಾಡಿದರು. ಆಸ್ಪತ್ರೆಯ ಕಡೆಯಿಂದ ದೆಹಲಿಯ ಏಮ್ಸ್ ವೈದ್ಯರು ಅಜಥಿಯೋಪ್ರಿನ್ ಮಾತ್ರೆಯಿಂದ ಸ್ಟೀರಾಯ್ಡ್ ಮೇಲಿನ ಅವಲಂಬನೆ ತಗ್ಗಿಸಬಹುದೆಂದು ತೋರಿಸಿದರು. ಇಲ್ಲಿ ಕಳೆಶಾಸ್ತ್ರ, ಕೀಟಶಾಸ್ತ್ರ, ಚರ್ಮಶಾಸ್ತ್ರ ಮೂರೂ ಸೇರಿದವು. ಪಂಚಾಯಿತಿಯ ಕುಡುಗೋಲು ಮಾತ್ರ ಎಷ್ಟೋ ಸಲ ಸೇರಲಿಲ್ಲ. ಹೂಬಿಡುವ ಮುನ್ನ, ಕೈಗವಸು ತೊಟ್ಟು, ಅಲರ್ಜಿ ಇಲ್ಲದವರು ಕಿತ್ತರೆ ಊರೇ ತನ್ನ ರೋಗಿಗಳಿಗೆ ಚಿಕಿತ್ಸೆ ಕೊಟ್ಟಂತೆ.

ಬೆಳಕು ಇದೆ, ಬಸ್ಸಿಗೆ ಕಾಸಿಲ್ಲ

ಸೋರಿಯಾಸಿಸ್ ಮತ್ತು ತೊನ್ನು ಅಂಟುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆ ತನ್ನ ಚರ್ಮದ ಮೇಲೆಯೇ ತಿರುಗಿಬಿದ್ದಾಗ ಒಂದರಲ್ಲಿ ಜೀವಕೋಶಗಳು ಅತಿವೇಗದಲ್ಲಿ ಬೆಳೆದು ಹೊಪ್ಪಳೆಯೇಳುತ್ತವೆ, ಇನ್ನೊಂದರಲ್ಲಿ ಬಣ್ಣದ ಕೋಶಗಳು ಅಳಿಯುತ್ತವೆ. 1925ರಲ್ಲಿ ಗೋಕರ್ಮನ್ ಎಂಬ ಅಮೆರಿಕದ ವೈದ್ಯ ಕಲ್ಲಿದ್ದಲ ಟಾರು ಹಚ್ಚಿ ಅತಿನೇರಳೆ ಬೆಳಕು ಬಿಟ್ಟು ಸೋರಿಯಾಸಿಸ್ ತಗ್ಗಿಸಿದರು. 1940ರ ದಶಕದಲ್ಲಿ ಈಜಿಪ್ಟಿನ ಎಲ್ ಮೊಫ್ತಿ ಸೋರಾಲೆನ್ ಕೊಟ್ಟು ತೊನ್ನಿಗೆ ಬಿಸಿಲು ಕಾಯಿಸಿದರು. 1974ರಲ್ಲಿ ಹಾರ್ವರ್ಡ್‌ನ ವೈದ್ಯರು ಸೋರಾಲೆನ್ ಜೊತೆ ಯುವಿಎ ಬೆಳಕನ್ನು ಸೇರಿಸಿ ಪುವಾ ಚಿಕಿತ್ಸೆ ರೂಪಿಸಿದರು. ಈಗ ಹೆಚ್ಚು ಬಳಕೆಯಲ್ಲಿರುವುದು 311 ನ್ಯಾನೋಮೀಟರಿನ ಕಿರಿದಾದ ಯುವಿಬಿ. ಮಾತ್ರೆ ಬೇಕಿಲ್ಲ, ಬಸುರಿಯರಿಗೂ ಕೊಡಬಹುದು.

ಇಂಥ ಚಿಕಿತ್ಸೆ ಮೈಸೂರಿನವರೆಗೆ ಬಂದಿದೆ. ಆದರೆ ವಾರಕ್ಕೆ ಎರಡು ಮೂರು ಬಾರಿ, ತಿಂಗಳುಗಟ್ಟಲೆ, ಕೆಲವೇ ನಿಮಿಷದ ಬೆಳಕಿಗಾಗಿ ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯಿಂದ ಬರುವುದೆಂದರೆ ಪ್ರತಿಸಲವೂ ಒಂದು ದಿನದ ಕೂಲಿ ಹೋಯಿತು. ನಾಟಿ ಮತ್ತು ಹೊಗೆಸೊಪ್ಪಿನ ಕೊಯ್ಲಿನ ತಿಂಗಳಲ್ಲಿ ಚಿಕಿತ್ಸೆ ತಪ್ಪುವುದು ಅಸಡ್ಡೆಯಿಂದಲ್ಲ, ಲೆಕ್ಕಾಚಾರದಿಂದ.

ಮಾತ್ರೆಗಳಲ್ಲಿ ಮೆಥೊಟ್ರೆಕ್ಸೇಟ್ ಹಳೆಯದು, ಅಗ್ಗದ್ದು, ಸೋರಿಯಾಸಿಸ್‌ಗೆ ಬಲವಾದದ್ದು. ಅದನ್ನು ವಾರಕ್ಕೊಂದೇ ದಿನ ತೆಗೆದುಕೊಳ್ಳಬೇಕು. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ರಕ್ತ ಮತ್ತು ಯಕೃತ್ತಿನ ಪರೀಕ್ಷೆ ಆಗಾಗ ಬೇಕು. ಇತ್ತೀಚಿನ ಜೈವಿಕ ಚುಚ್ಚುಮದ್ದುಗಳು ಚರ್ಮವನ್ನು ಬಹುಮಟ್ಟಿಗೆ ತಿಳಿಯಾಗಿಸುತ್ತವೆ, ಬೆಲೆ ಮಾತ್ರ ಸಣ್ಣ ರೈತನ ಎಟುಕಿಗೆ ಮೀರಿದ್ದು. 2014ರಲ್ಲಿ ವಿಶ್ವ ಆರೋಗ್ಯ ಸಭೆ ಸೋರಿಯಾಸಿಸ್ ಅನ್ನು ಗಂಭೀರ ಕಾಯಿಲೆಯೆಂದು ಒಪ್ಪಿಕೊಂಡಿತು. ನಮ್ಮ ತಾಲ್ಲೂಕು ಆಸ್ಪತ್ರೆಗಳ ಔಷಧಿ ಕಪಾಟು ಇನ್ನೂ ಆ ಒಪ್ಪಿಗೆಗೆ ತಕ್ಕಂತೆ ತುಂಬಬೇಕಿದೆ.

ಅಂಗಡಿಯ ಟ್ಯೂಬು

ದಾರಿ ದೂರವಾದಾಗ ಹತ್ತಿರವಾಗುವುದು ಔಷಧಿ ಅಂಗಡಿ. ಹುಳುಕಡ್ಡಿಗೆಂದು ಕೇಳಿದರೆ ಸ್ಟೀರಾಯ್ಡ್, ಆ್ಯಂಟಿಬಯಾಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಟ್ಯೂಬು ಸಿಗುತ್ತದೆ. ಸ್ಟೀರಾಯ್ಡ್ ತುರಿಕೆಯನ್ನು ಎರಡೇ ದಿನದಲ್ಲಿ ಅಡಗಿಸುತ್ತದೆ, ಜೊತೆಗೆ ಶಿಲೀಂಧ್ರವನ್ನು ತಡೆಯುವ ಚರ್ಮದ ಶಕ್ತಿಯನ್ನೂ ಅಡಗಿಸುತ್ತದೆ. ಬಿಟ್ಟ ಕೂಡಲೇ ಹುಳುಕಡ್ಡಿ ಇಮ್ಮಡಿಯಾಗಿ ಮರಳುತ್ತದೆ, ಒಂದೇ ಟವೆಲ್ಲು ಹಾಸಿಗೆ ಬಳಸುವ ಮನೆಮಂದಿಗೆಲ್ಲ ಹರಡುತ್ತದೆ. ಮುಖಕ್ಕೆ ಹಚ್ಚಿದವರ ಚರ್ಮ ತೆಳುವಾಗಿ ಕೆಂಪೇರುತ್ತದೆ. ಹತ್ತು ಹದಿನೈದು ವರ್ಷಗಳಿಂದ ದೇಶದಾದ್ಯಂತ ವೈದ್ಯರನ್ನು ಕಂಗೆಡಿಸಿರುವ ಮೊಂಡು ಹುಳುಕಡ್ಡಿಯ ಹಿಂದೆ ಈ ಟ್ಯೂಬುಗಳ ಪಾಲು ದೊಡ್ಡದು. ಟರ್ಬಿನಾಫಿನ್ ಎಂಬ ಶಿಲೀಂಧ್ರನಾಶಕಕ್ಕೆ ಹಲವು ಬಾರಿ ಬಗ್ಗದ ಈ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದಿತು. ಚೀಟಿ ಬರೆಯುವ ವೈದ್ಯರು ಹತ್ತಿರದಲ್ಲಿ ಸಿಗದಿದ್ದರೆ ಆ ಆದೇಶ ಕಾಗದದ ಮೇಲೆಯೇ ಉಳಿಯುತ್ತದೆ.

ಕಾಸರಗೋಡು, ಸರಗೂರು

ಹೀಗಿರುವಾಗ ದಾರಿ ತೋರುವ ಎರಡು ಕೆಲಸಗಳು ನಮ್ಮ ನೆರೆಯಲ್ಲೇ ನಡೆದಿವೆ. ಕಾಸರಗೋಡಿನಲ್ಲಿ ಚರ್ಮವೈದ್ಯ ಎಸ್.ಆರ್. ನರಹರಿ 1999ರಲ್ಲಿ ಕಟ್ಟಿದ ಅನ್ವಯಿಕ ಚರ್ಮವಿಜ್ಞಾನ ಸಂಸ್ಥೆ ಆನೆಕಾಲಿನ ರೋಗಿಗಳಿಗೆ ಅಲೋಪತಿ, ಆಯುರ್ವೇದ, ಯೋಗ ಮೂರನ್ನೂ ಸೇರಿಸಿದ ಚಿಕಿತ್ಸೆ ರೂಪಿಸಿತು. ಆಕ್ಸ್‌ಫರ್ಡ್‌ನ ಟೆರೆನ್ಸ್ ರಯಾನ್ ಅದಕ್ಕೆ ಒತ್ತಾಸೆಯಾದರು. ಸೋಪಿನಿಂದ ತೊಳೆದು ಒರೆಸುವುದು, ಕಷಾಯದಲ್ಲಿ ಕಾಲು ನೆನೆಸುವುದು, ಉಸಿರಾಟದೊಂದಿಗೆ ಆಸನ, ಕೊನೆಗೆ ಬಿಗಿಯಾದ ಬ್ಯಾಂಡೇಜು. ಎಲ್ಲವನ್ನೂ ರೋಗಿಗೂ ಮನೆಯವರಿಗೂ ಕಲಿಸಿ ಕಳಿಸುತ್ತಾರೆ. ಕಲಬುರಗಿ ಮತ್ತು ಆಲಪ್ಪುಳ ಜಿಲ್ಲೆಗಳ ಹಳ್ಳಿಗಳಲ್ಲೂ ಇದನ್ನು ನಡೆಸಿ ಫಲ ಕಂಡರು. ಪಾಲ್ ಬ್ರ್ಯಾಂಡ್ ಕುಷ್ಠದಲ್ಲಿ ಹೇಳಿದ್ದನ್ನೇ ಇವರು ಆನೆಕಾಲಿನಲ್ಲಿ ಸಾಧಿಸಿದರು: ದೀರ್ಘ ಕಾಯಿಲೆಯಲ್ಲಿ ಮುಖ್ಯ ಶುಶ್ರೂಷಕ ರೋಗಿಯೇ.

ಎಚ್.ಡಿ. ಕೋಟೆಯ ಕಡೆ 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಹುಟ್ಟುಹಾಕಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಜೇನುಕುರುಬ, ಕಾಡುಕುರುಬ ಹಾಡಿಗಳಿಗೆ ವೈದ್ಯವನ್ನು ಒಯ್ದಿತು. ಅದರ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನು ಈ ಶತಮಾನದ ಮೊದಲ ವರ್ಷಗಳಲ್ಲೇ ಇಸ್ರೋ ಉಪಗ್ರಹದ ಮೂಲಕ ಬೆಂಗಳೂರಿನ ಹೃದಯ ತಜ್ಞರಿಗೆ ಜೋಡಿಸಲಾಯಿತು. ಎದೆಯ ಬಡಿತವನ್ನೇ ದೂರದಿಂದ ನೋಡಬಹುದಾದರೆ ಮೈಮೇಲಿನ ಮಚ್ಚೆಯನ್ನು ನೋಡುವುದು ಇನ್ನೂ ಸುಲಭ. ಇಂದು ಇ-ಸಂಜೀವಿನಿ ದೂರವೈದ್ಯ ಸೇವೆ ದೇಶದಾದ್ಯಂತ ಇದೆ. ಚರ್ಮದ ಕಾಯಿಲೆಯಷ್ಟು ಅದಕ್ಕೆ ಒಗ್ಗುವ ವಿಭಾಗ ಬೇರೊಂದಿಲ್ಲ.

ಮುಂದಿನ ಹೆಜ್ಜೆ

2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಚರ್ಮರೋಗಗಳನ್ನು ಜಾಗತಿಕ ಆರೋಗ್ಯದ ಆದ್ಯತೆಯಾಗಿ ಗುರುತಿಸಿತು. ಆ ಮಾತು ಬಿಳಿಕೆರೆ ಹೋಬಳಿಯಲ್ಲಿ ನಿಜವಾಗಲು ಹೊಸ ಆವಿಷ್ಕಾರ ಬೇಕಿಲ್ಲ. ಕುಷ್ಠದ ಮಚ್ಚೆ ಹುಡುಕಿ ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಸೋರಿಯಾಸಿಸ್, ಹುಳುಕಡ್ಡಿ, ಪಾರ್ಥೇನಿಯಂ ಅಲರ್ಜಿಯನ್ನೂ ಗುರುತಿಸಲು ಕಲಿಸಬಹುದು. ಆಕೆ ತೆಗೆದ ಫೋಟೋವನ್ನು ಮೈಸೂರಿನ ತಜ್ಞರು ನೋಡಬಹುದು. ಮೆಥೊಟ್ರೆಕ್ಸೇಟ್ ನುಂಗುವವರ ರಕ್ತಪರೀಕ್ಷೆ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಆಗಬಹುದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ ತಲಾ ಒಂದು ಯುವಿಬಿ ಯಂತ್ರ ಇಟ್ಟರೆ ಕೂಲಿ ಕಳೆದುಕೊಳ್ಳದೆ ಬೆಳಕು ಪಡೆಯಬಹುದು. ಕುಷ್ಠವನ್ನು ಹಿಮ್ಮೆಟ್ಟಿಸಿದ ಕ್ರಮ ನಮ್ಮ ಕೈಯಲ್ಲೇ ಇದೆ: ಹುಡುಕಿಕೊಂಡು ಹೋಗುವುದು, ಉಚಿತವಾಗಿ ಕೊಡುವುದು, ಕೊನೆಯವರೆಗೆ ಬಿಡದಿರುವುದು. ಅದನ್ನು ಉಳಿದ ಚರ್ಮರೋಗಗಳಿಗೂ ಕೊಡಬೇಕೆಂದು ಈ ನಾಲ್ಕು ತಾಲ್ಲೂಕಿನ ಜನ ತಮ್ಮ ಗ್ರಾಮಸಭೆಗಳಲ್ಲಿ, ತಮ್ಮ ಶಾಸಕರ ಮುಂದೆ ಹಕ್ಕಿನಿಂದ ಕೇಳಬೇಕು.