ಅತ್ತಿಬೆಲೆ ದಾರಿಯಲ್ಲಿ ನಡುವಯಸ್ಸಿನ ಸೈಕಲ್

ಸೈಕಲ್ ಕಲಿಯುವುದು ಮಕ್ಕಳ ಕೆಲಸ ಎಂಬ ಭಾವನೆ ಸೈಕಲ್ಲಿಗಿಂತ ಬಹಳ ಈಚಿನದು. ಈ ವಾಹನವನ್ನು ಮೊದಲು ಏರಿದವರೆಲ್ಲ ವಯಸ್ಕರೇ. 1817ರಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ತನ್ನ ಎರಡು ಗಾಲಿಯ ಗಾಡಿ ಓಡಿಸಿದಾಗ ಅವನಿಗೆ 32 ವರ್ಷ. ಅದಕ್ಕೆ ಪೆಡಲ್ ಇರಲಿಲ್ಲ. ಕಾಲಿನಿಂದ ನೆಲ ಒದ್ದು ಮುಂದೆ ಸಾಗಬೇಕಿತ್ತು. ನಡುವೆ ಬಂದ ಎತ್ತರದ ಮುಂಗಾಲಿಯ ಸೈಕಲ್ಲುಗಳ ಬಳಿಕ 1885ರ ರೋವರ್ ಸೈಕಲ್ ಎರಡೂ ಗಾಲಿಗಳನ್ನು ಹೆಚ್ಚುಕಡಿಮೆ ಸಮ ಮಾಡಿತು, 1888ರಲ್ಲಿ ಡನ್ಲಪ್‌ನ ಗಾಳಿ ಟೈರು ಬಂತು. ಬಿದ್ದರೂ ಪ್ರಾಣಕ್ಕೆ ಸಂಚಕಾರವಿಲ್ಲ ಎಂದಾದ ಮೇಲೆ ಹಿರಿಯರೂ ಧೈರ್ಯ ಮಾಡಿದರು. ಅಮೆರಿಕದ ಮಹಿಳಾ ಚಳವಳಿಯ ನಾಯಕಿ ಫ್ರಾನ್ಸಿಸ್ ವಿಲ್ಲರ್ಡ್ ತಮ್ಮ 53ನೇ ವಯಸ್ಸಿನಲ್ಲಿ, ದಿನಕ್ಕೆ ಸುಮಾರು ಕಾಲು ಗಂಟೆಯಂತೆ ಮೂರು ತಿಂಗಳು ಅಭ್ಯಾಸ ಮಾಡಿ ಕಲಿತು, ಆ ಅನುಭವವನ್ನೇ 1895ರಲ್ಲಿ ಪುಸ್ತಕವಾಗಿ ಬರೆದರು.

ಹಳೆ ಮೈಸೂರು ಸೀಮೆಯಲ್ಲೂ ಸೈಕಲ್ ಮೊದಲು ದುಡಿಯುವವರ ಸೊತ್ತಾಗಿತ್ತು. ಇಂಗ್ಲೆಂಡಿನಿಂದ ಬರುತ್ತಿದ್ದ ರ‍್ಯಾಲಿ, ಹರ್ಕ್ಯುಲಿಸ್‌ಗಳು ಎಲ್ಲರ ಕೈಗೆ ಎಟುಕುತ್ತಿರಲಿಲ್ಲ. 1949ರಲ್ಲಿ ಮದರಾಸಿನ ಟಿಐ, 1951ರಲ್ಲಿ ಅಟ್ಲಾಸ್, 1956ರಲ್ಲಿ ಹೀರೋ ಕಂಪನಿಗಳು ಶುರುವಾದ ಮೇಲೆ ಸಂಬಳದವರ ಮನೆಗೆ ಸೈಕಲ್ ಬಂತು. ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್‌ ಕಾರ್ಖಾನೆಗಳ ಸೈರನ್ನಿಗೆ ಬೆಂಗಳೂರಿನ ರಸ್ತೆಗಳಲ್ಲಿ ಸೈಕಲ್ಲುಗಳ ಸಾಲು ಹರಿಯುತ್ತಿತ್ತು. ಮನೆಯ ಹುಡುಗರು ಅಪ್ಪನ 28 ಇಂಚು ಗಾಲಿಯ ಸೈಕಲ್ಲಿನಲ್ಲಿ, ಬಾರಿನ ಕೆಳಗೆ ಕಾಲು ತೂರಿಸಿ ‘ಒಳಪೆಡ್ಲು’ ಹೊಡೆದು ಕಲಿತರು. ಸ್ವಂತದ್ದಿಲ್ಲದವರಿಗೆ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ಇತ್ತು. ಹೆಣ್ಣುಮಕ್ಕಳು ಮಾತ್ರ ಈ ಕಲಿಕೆಯಿಂದ ಹೊರಗುಳಿದರು. ಅಡ್ಡ ಬಾರು, ಉಟ್ಟ ಸೀರೆ, ನೋಡುವವರ ಕಣ್ಣು, ಮೂರೂ ಸೇರಿ ಅವರನ್ನು ತಡೆದವು. ಇಂದು ಐವತ್ತು ದಾಟಿದ ಎಷ್ಟೋ ಹೆಂಗಸರಿಗೆ ಸೈಕಲ್ ಬಾರದಿರುವುದಕ್ಕೆ ಕಾರಣ ಇದು, ಅವರ ಅಂಜುಬುರುಕುತನವಲ್ಲ.

ತಮಿಳುನಾಡಿನ ಗಡಿಗೆ ಅಂಟಿಕೊಂಡ, ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ ಈ ಕಥೆಗೆ ಇನ್ನೊಂದು ತಿರುವು ಸಿಕ್ಕಿತು. 1970ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ, ಅತ್ತಿಬೆಲೆಯನ್ನು ಹಾದುಹೋಗುವ ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಮುಂದೆ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳೂ ಕೈಗಾರಿಕಾ ಪ್ರದೇಶಗಳಾದವು. ಗಡಿಯಾಚೆಯ ಹೊಸೂರಿನ ಕಾರ್ಖಾನೆಯಿಂದ 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಬಂತು. ರಾಗಿ ಹೊಲಗಳ ನಡುವೆ ಸೈಕಲ್ ತುಳಿಯುತ್ತಿದ್ದ ಹಳ್ಳಿಗಾಡನ್ನು ಮೋಟಾರಿಗೆ ಏರಿಸಿದ ವಾಹನಗಳಲ್ಲಿ ಒಂದು ಇಷ್ಟು ಹತ್ತಿರದಲ್ಲೇ ತಯಾರಾಯಿತು. ನಾಲ್ಕೈದು ಮೈಲಿ ತುಳಿಯುವುದು ಬಡತನದ ಗುರುತಾಗಿ ಸೈಕಲ್ ಮೂಲೆ ಸೇರಿತು.

ಹೆಂಗಸರು ತಡವಾಗಿ ಕಲಿತ ದೊಡ್ಡ ಉದಾಹರಣೆ ನೆರೆಯ ತಮಿಳುನಾಡಿನದೇ. 1990ರ ದಶಕದ ಆರಂಭದಲ್ಲಿ ಪುದುಕ್ಕೋಟೈ ಜಿಲ್ಲೆಯ ಸಾಕ್ಷರತಾ ಆಂದೋಲನ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿತು. ಕಲ್ಲುಕ್ವಾರಿಯ ಕೂಲಿಗಳೂ ಸೇರಿ ಸಾವಿರಾರು ಹೆಂಗಸರು ಸವಾರರಾದರು. ಲೇಡೀಸ್ ಸೈಕಲ್ ಸಾಲದಾದಾಗ ಗಂಡಸರ ಸೈಕಲ್ಲನ್ನೇ ಏರಿದರು. ಆ ಅಡ್ಡ ಬಾರಿನ ಮೇಲೆ ಮಗುವನ್ನು ಕೂರಿಸಬಹುದೆಂದು ಕೆಲವರಿಗೆ ಅದೇ ಮೆಚ್ಚಾಯಿತು. ಕರ್ನಾಟಕ 2006-07ರಲ್ಲಿ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಿತು. ಅದು ಒಳ್ಳೆಯ ಕೆಲಸ, ಆದರೆ ತಾಯಂದಿರಿಗೆ ಕಲಿಸುವ ಯೋಚನೆ ಅದರಲ್ಲಿರಲಿಲ್ಲ.

ಈಗ ಹೊಸದಾಗಿ ಕಲಿಯುವ ಹಿರಿಯರಿಗೆ ಹೇಳಿಕೊಡುವ ಒಳ್ಳೆಯ ಕ್ರಮ ಡ್ರೈಸ್‌ನ ಗಾಡಿಗೇ ಮರಳಿದಂತಿದೆ. ಪೆಡಲ್ ಕಳಚಿ, ಎರಡೂ ಪಾದ ಪೂರ್ತಿ ನೆಲಕ್ಕೆ ಊರುವಷ್ಟು ಸೀಟು ಇಳಿಸಿ, ನೆಲ ತಳ್ಳುತ್ತಾ ಸಾಗಬೇಕು. ಬೀಳುವ ಕಡೆಗೇ ಹ್ಯಾಂಡಲ್ ತಿರುಗಿಸಿದರೆ ಗಾಲಿ ದೇಹದ ಭಾರದ ಕೆಳಗೆ ಬಂದು ಸಮತೋಲ ಸಿಗುತ್ತದೆ. ಪೆಡಲ್ ಜೋಡಿಸುವುದು ಆಮೇಲಿನ ಮಾತು. ಸಮತೋಲ ಕೈಗೂಡಿದ ಮೇಲೆ ಸೀಟು ಏರಿಸಲೇಬೇಕು, ಇಲ್ಲದಿದ್ದರೆ ಮಂಡಿ ನೋಯುತ್ತದೆ.

ಕಲಿತವರಿಗೆ ಹೊಸೂರು ರಸ್ತೆಯಲ್ಲಿ ಜಾಗವೇ ಕಡಿಮೆ. 2010ರಲ್ಲಿ ತೆರೆದ, ಎಲೆಕ್ಟ್ರಾನಿಕ್ ಸಿಟಿಯವರೆಗಿನ ಮೇಲ್ಸೇತುವೆ ಮೋಟಾರು ವಾಹನಗಳಿಗಾಗಿಯೇ ಕಟ್ಟಿದ್ದು; ಕೆಳಗಿನ ದಾರಿಯಲ್ಲಿ ಲಾರಿ, ಬಸ್ಸುಗಳ ನಡುವೆ ಹೊಸ ಸವಾರರು ನುಸುಳುವಂತಿಲ್ಲ. 2025ರ ಆಗಸ್ಟ್‌ನಲ್ಲಿ ಶುರುವಾದ ಮೆಟ್ರೊ ಹಳದಿ ಮಾರ್ಗದ ಕೊನೆಯ ನಿಲ್ದಾಣ ಬೊಮ್ಮಸಂದ್ರ. ಅಲ್ಲಿಂದ ಚಂದಾಪುರ ಹಾದು ಅತ್ತಿಬೆಲೆಗೆ ಉಳಿಯುವ ದೂರ ಅರವತ್ತರ ಸವಾರರೂ ನಿಧಾನವಾಗಿ ತುಳಿಯಬಲ್ಲಷ್ಟೇ. ಆ ದೂರಕ್ಕೆ ಸರ್ವಿಸ್ ರಸ್ತೆಯಲ್ಲಿ ಸೈಕಲ್‌ಗೆಂದೇ ಒಂದು ಪಟ್ಟೆ ಬೇಕು.