ತರಂಗಂಬಾಡಿಯ ತರುಣ ಪಾದ್ರಿ

ನಮ್ಮ ಹಿರಿಯರು ಓದಿದ ಕೂಲಿಮಠಗಳಲ್ಲಿ ಮಕ್ಕಳು ನೆಲದ ಮೇಲೆ ಮರಳನ್ನು ಹರಡಿಕೊಂಡು ಬೆರಳಿನಿಂದ ಅಕ್ಷರ ತಿದ್ದುತ್ತಿದ್ದ ಸಂಗತಿಯನ್ನು ಎಲ್ಲರೂ ಕೇಳಿಯೇ ಇರುತ್ತೇವೆ. ಕ್ರಿ. ಶ. 1706ನೆಯ ಇಸವಿಯಲ್ಲಿ, ತಂಜಾವೂರು ಸೀಮೆಯ ಕಡಲತೀರದ ತರಂಗಂಬಾಡಿಯಲ್ಲಿ, ಅಂತಹುದೊಂದು ಮಠದ ಹುಡುಗರ ಸಾಲಿನಲ್ಲಿ ಇಬ್ಬರು ಬಿಳಿಯ ತರುಣರು ಕುಳಿತು ಮರಳಿನಲ್ಲಿ ತಮಿಳು ಅಕ್ಷರಗಳನ್ನು ತಿದ್ದುತ್ತಿದ್ದರು. ಅವರು ಮಠಕ್ಕೆ ಹೋದವರಲ್ಲ. ಮಠವೇ ಅವರಲ್ಲಿಗೆ ಬಂದಿತ್ತು. ವೃದ್ಧರಾದ ಉಪಾಧ್ಯಾಯರನ್ನು ಒಡಂಬಡಿಸಿ, ಅವರ ಶಿಷ್ಯಮಂಡಲಿ ಸಮೇತ ತಮ್ಮ ಮನೆಯಲ್ಲಿಯೇ ಪಾಠ ನಡೆಯುವಂತೆ ಆ ತರುಣರು ಏರ್ಪಾಡು ಮಾಡಿಕೊಂಡಿದ್ದರು. ಅಕ್ಷರವೇನೋ ಬಂದಿತು, ಅರ್ಥ ಬರಲಿಲ್ಲ. ಉಪಾಧ್ಯಾಯರಿಗೆ ಪೋರ್ಚುಗೀಸ್ ಭಾಷೆ ತಿಳಿಯದು. ಶಿಷ್ಯರಿಗೆ ತಮಿಳು ತಿಳಿಯದು. ಕೊನೆಗೆ ಅಳಗಪ್ಪನೆಂಬ ದುಬಾಷಿಯೊಬ್ಬನನ್ನು ಗೊತ್ತುಮಾಡಿಕೊಂಡ ಮೇಲೆಯೇ ಪಾಠ ಮುಂದುವರಿಯಿತು.

ಆ ಇಬ್ಬರಲ್ಲಿ ಒಬ್ಬನು ಹೈನ್ರಿಖ್ ಪ್ಲುಟ್ಶೌ. ಇನ್ನೊಬ್ಬನೇ ನಮ್ಮ ಈ ಕಥನದ ನಾಯಕನಾದ ಬಾರ್ತೊಲೊಮೇಯಸ್ ಸೀಗನ್‌ಬಾಲ್ಗ್. ಈತನು 1682ರಲ್ಲಿ ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಪುಲ್ಸ್‌ನಿಟ್ಸ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವನು. ಬಾಲ್ಯದಲ್ಲಿಯೇ ತಾಯಿ ತೀರಿಕೊಂಡಳು. ಮಕ್ಕಳಿಗಾಗಿ ತಾನು ದೊಡ್ಡ ನಿಧಿಯೊಂದನ್ನು ಕೂಡಿಸಿಟ್ಟಿರುವೆನೆಂದೂ, ಅದನ್ನು ಬೈಬಲ್ಲಿನಲ್ಲಿ ಹುಡುಕಿಕೊಳ್ಳಬೇಕೆಂದೂ, ಅದರ ಪುಟಗಳನ್ನೆಲ್ಲ ತನ್ನ ಕಣ್ಣೀರು ತೋಯಿಸಿದೆಯೆಂದೂ ಆಕೆ ಮರಣಶಯ್ಯೆಯಲ್ಲಿ ನುಡಿದಳೆಂದು ಪ್ರತೀತಿಯಿದೆ. ಹಾಲೆ ನಗರದಲ್ಲಿ ಫ್ರಾಂಕೆ ಎಂಬ ಗುರುವಿನ ಬಳಿ ಆತನು ಓದಿದನು. ಮತವೆಂದರೆ ಬರಿಯ ಸಿದ್ಧಾಂತವಲ್ಲ, ಹೃದಯದ ಪರಿವರ್ತನೆ, ದಿನದಿನದ ಆತ್ಮಪರೀಕ್ಷೆ ಎಂಬುದು ಆ ಪಂಥದವರ ನಂಬಿಕೆ. ನಮ್ಮ ಕಡೆಯ ಭಕ್ತಿಪಂಥಗಳನ್ನು ಬಲ್ಲವರಿಗೆ ಈ ಮಾತು ತೀರ ಹೊಸದಾಗಿ ಕಾಣಲಾರದು. ಡೆನ್ಮಾರ್ಕಿನ ದೊರೆ ನಾಲ್ಕನೆಯ ಫ್ರೆಡರಿಕನು ತನ್ನ ಇಂಡಿಯಾ ಠಾಣ್ಯಕ್ಕೆ ಪಾದ್ರಿಗಳನ್ನು ಕಳುಹಿಸಬೇಕೆಂದು ಬಯಸಿದಾಗ, ದೇಹಬಲವಿಲ್ಲದ, ಹೊಟ್ಟೆಯ ಬೇನೆಯಿಂದ ಸದಾ ನರಳುತ್ತಿದ್ದ ಈ ಹುಡುಗನಿಗೆ ಕರೆ ಬಂದಿತು. 1705ರ ನವೆಂಬರಿನಲ್ಲಿ ಹಡಗು ಹತ್ತಿದವನು 1706ನೆಯ ಜುಲೈ 9ನೆಯ ತಾರೀಖು ತರಂಗಂಬಾಡಿಯನ್ನು ಸೇರಿದನು. ಆಗ ಅವನ ವಯಸ್ಸು ಸುಮಾರು ಇಪ್ಪತ್ತನಾಲ್ಕು.

ತರಂಗಂಬಾಡಿಯನ್ನು ತಂಜಾವೂರಿನ ರಘುನಾಥ ನಾಯಕನು 1620ರಲ್ಲಿ ಡೇನರಿಗೆ ಬಿಟ್ಟುಕೊಟ್ಟಿದ್ದನು. ಈ ತರುಣರು ಬಂದಿಳಿದ ಕಾಲಕ್ಕೆ ನಾಯಕರ ಆಳ್ವಿಕೆ ಮುಗಿದು, ತಂಜಾವೂರು ಮರಾಠರದಾಗಿತ್ತು. ನಮ್ಮ ಬೆಂಗಳೂರಿನ ಜಹಗೀರಿನಿಂದ ಹೋಗಿ ಅಲ್ಲಿ ಭೋಂಸಲೆ ರಾಜ್ಯವನ್ನು ಕಟ್ಟಿದ ಏಕೋಜಿಯ ಮಗ ಶಹಜಿಯು ಪಟ್ಟದಲ್ಲಿದ್ದನು. ಕಡಲ ದಂಡೆಯ ಡಾನ್ಸ್‌ಬೋರ್ಗ್ ಕೋಟೆಯಲ್ಲಿ ಡೇನರ ಕಂಪೆನಿಯ ಅಧಿಪತಿ ಹಾಸಿಯಸ್ ಎಂಬವನಿದ್ದನು. ಕಂಪೆನಿಗೆ ಬೇಕಾದದ್ದು ಮೆಣಸು ಮತ್ತು ಬಟ್ಟೆ. ದೊರೆಯ ಮುದ್ರೆಯೊತ್ತಿದ ಕಾಗದವನ್ನು ಹಿಡಿದು ಬಂದ ಪಾದ್ರಿಗಳು ಬೇಡ. ಸ್ವಾಗತವಿರಲಿ, ತಂಗುವುದಕ್ಕೆ ಒಂದು ಮನೆಯನ್ನು ಕೂಡ ಅಧಿಪತಿಯು ತೋರಿಸಲಿಲ್ಲ.

ಇನ್ನು ಆತನ ದಿನಚರಿಯ ವಿಚಾರ. 1708ರಲ್ಲಿ ಯೂರೋಪಿಗೆ ಬರೆದ ಪತ್ರದಲ್ಲಿ ಆತನೇ ಅದನ್ನು ಗಂಟೆಗಂಟೆಯಾಗಿ ಲೆಕ್ಕವೊಪ್ಪಿಸಿದ್ದಾನೆ. ಬೆಳಗಿನ ಪ್ರಾರ್ಥನೆಯಾದ ಮೇಲೆ ಏಳರಿಂದ ಎಂಟರವರೆಗೆ ಹಿಂದಿನ ದಿನ ಕಲಿತ ಶಬ್ದಗಳನ್ನೂ ವಾಕ್ಯಗಳನ್ನೂ ಮನನ ಮಾಡುವುದು. ಎಂಟರಿಂದ ಮಧ್ಯಾಹ್ನ ಹನ್ನೆರಡರವರೆಗೆ, ತಾನು ಮೊದಲು ನೋಡದಿದ್ದ ತಮಿಳು ಗ್ರಂಥಗಳನ್ನು ಓದುವುದು. ಆಗ ಪಕ್ಕದಲ್ಲಿ ಒಬ್ಬ ಮುದುಕನಾದ ಕವಿ, ಒಬ್ಬ ಲಿಪಿಕಾರ. ಕವಿಯು ಅರ್ಥ ಹೇಳುವನು. ಲಿಪಿಕಾರನು ಹೊಸ ಶಬ್ದಗಳನ್ನೂ ನುಡಿಗಟ್ಟುಗಳನ್ನೂ ಗುರುತು ಹಾಕಿಕೊಳ್ಳುವನು. ಊಟ ಮಾಡುವಾಗಲೂ ಒಬ್ಬನು ಓದುತ್ತಿರಬೇಕು. ಊಟದ ಮೇಲೆ ಒಂದು ಗಂಟೆ ವಿಶ್ರಾಂತಿ. ತರಂಗಂಬಾಡಿಯ ಬಿಸಿಲನ್ನು ಕಂಡವರು ಅದನ್ನು ಸೋಮಾರಿತನವೆನ್ನಲಾರರು. ಎರಡು ಗಂಟೆಗೆ ಪ್ರಶ್ನೋತ್ತರ ರೂಪದ ಧರ್ಮಪಾಠ. ಮೂರರಿಂದ ಐದರವರೆಗೆ ಪುನಃ ತಮಿಳು. ಸಂಜೆ ಪ್ರಾರ್ಥನೆ. ದೀಪದ ಬೆಳಕಿನಲ್ಲಿ ಓದಿದರೆ ಕಣ್ಣಿಗೆ ಆಯಾಸವಾಗುವುದರಿಂದ ಏಳರಿಂದ ಎಂಟರವರೆಗೆ ತಮಿಳನೊಬ್ಬನು ಓಲೆಗರಿಯನ್ನು ಓದುವನು, ಈತನು ಕೇಳುವನು. ತನ್ನ ಶೈಲಿಗೆ ಮೇಲ್ಪಂಕ್ತಿಯಾಗಬಲ್ಲ ಕೆಲವು ಗ್ರಂಥಗಳನ್ನು, ಒಂದು ಶಬ್ದವೂ ಅಪರಿಚಿತವಾಗಿ ಉಳಿಯದವರೆಗೆ, ನೂರಾರು ಸಲ ಓದಿಸಿ ಕೇಳಿದುದಾಗಿ ಬರೆದುಕೊಂಡಿದ್ದಾನೆ. ಕೂಡಿಹಾಕಿದ ಶಬ್ದಗಳ ಸಂಖ್ಯೆಯು ಕ್ರಮೇಣ 40,000ಕ್ಕೆ ಏರಿತು.

ಓಲೆಗ್ರಂಥಗಳು ಸುಲಭವಾಗಿ ದೊರೆಯುತ್ತಿರಲಿಲ್ಲ. ತನ್ನ ಲಿಪಿಕಾರರನ್ನು ಹಲವು ದಿನಗಳ ಪ್ರಯಾಣದಷ್ಟು ದೂರಕ್ಕೆ ಅಟ್ಟಿ, ವಿದ್ವಾಂಸರು ಕಾಲವಾದ ಬಳಿಕ ಅವರ ವಿಧವೆಯರ ಬಳಿ ಉಳಿದಿದ್ದ ಕಟ್ಟುಗಳನ್ನು ಅಲ್ಪ ಬೆಲೆಗೆ ಕೊಂಡುತರಿಸುತ್ತಿದ್ದನು. ಆ ಸ್ತ್ರೀಯರು ಎಂತಹ ಕಷ್ಟದಲ್ಲಿ ಅವನ್ನು ಮಾರಿರಬೇಕೆಂದು ಓದುಗರ ಮನಸ್ಸು ನೋಯದಿರದು. ಈತನ ಲೇಖನಿ ಅದರ ಹತ್ತಿರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆದರೆ ಬಂದು ಎರಡು ವರ್ಷ ತುಂಬುವಷ್ಟರಲ್ಲಿ ನೂರಕ್ಕೆ ಮೀರಿದ ತಮಿಳು ಗ್ರಂಥಗಳ ಪಟ್ಟಿಯೊಂದನ್ನು, ಒಂದೊಂದರ ವಿಷಯವನ್ನೂ ವಿವರಿಸಿ, ಸಿದ್ಧಪಡಿಸಿದನು. ಅದರಲ್ಲಿ ತಿರುಕ್ಕುರಳ್ ಇದೆ. ಅದೇ 1708ರಲ್ಲಿ ನೀತಿವೆಣ್ಬಾ, ಕೊನ್ರೈ ವೇಂದನ್, ಉಲಗನೀತಿ ಎಂಬ ಮೂರು ನೀತಿಗ್ರಂಥಗಳನ್ನು ಜರ್ಮನ್ ಭಾಷೆಗೆ ತಿರುಗಿಸಿದನು.

ಇಲ್ಲಿಯೇ ಆತನ ಅಂತರಂಗದ ತೊಡಕು. ತಾನು ನಂಬಿದ ಕ್ರಿಸ್ತನಲ್ಲದೆ ಮನುಷ್ಯನಿಗೆ ಬೇರೆ ಗತಿಯಿಲ್ಲವೆಂಬ ನಿಶ್ಚಯವು ಆತನಲ್ಲಿ ಎಂದೂ ಸಡಿಲಲಿಲ್ಲ. ಹಡಗಿನಿಂದ ಇಳಿದಾಗ ಇಲ್ಲಿಯವರೆಲ್ಲ ಕತ್ತಲಲ್ಲಿ ತಡವರಿಸುವವರೆಂದೇ ತಿಳಿದಿದ್ದನು. ಒಂದು ಸಲ ಹಳ್ಳಿಯೊಂದರ ಗುಡಿಯ ಮುಂದೆ ಸಾಲಾಗಿ ನಿಲ್ಲಿಸಿದ್ದ ಮಣ್ಣಿನ ಬೊಂಬೆಗಳನ್ನು ಕೆಡವಿ, ಕೆಲವುಗಳ ತಲೆಯನ್ನು ಹೊಡೆದು ಹಾಕಿ, ಇವುಗಳಿಗೆ ಶಕ್ತಿಯಿಲ್ಲವೆಂದು ತೋರಿಸಲು ಹೊರಟನು. ಅಲ್ಲಿದ್ದ ತಿಳಿದವನೊಬ್ಬನು ಸಮಾಧಾನದಿಂದಲೇ, ಇವು ದೇವರಲ್ಲ, ದೇವರ ಕಾವಲಿನ ಭಟರು, ಎಂದು ವಿವರಿಸಿದನಂತೆ. ಈ ಪ್ರಸಂಗವನ್ನು ಬೇರೆ ಯಾರೋ ದೂರಿ ಬರೆದದ್ದಲ್ಲ. ಆತನೇ ದಾಖಲು ಮಾಡಿಟ್ಟದ್ದು. ಕೆಲಸವು ಉದ್ಧಟತನದ್ದು, ಸಂದೇಹವಿಲ್ಲ. ಆದರೆ ಕೇಳಿದ ಉತ್ತರವನ್ನು ಮುಚ್ಚಿಡದೆ ಬರೆದದ್ದೂ ಆತನೇ. ತಮಿಳು ನೀತಿಶಾಸ್ತ್ರವನ್ನು ಓದುತ್ತ ಹೋದಂತೆ, ಈ ಜನರಲ್ಲಿ ವಿದ್ಯೆಯೂ ಸದಾಚಾರವೂ ಏಕದೇವನ ಅರಿವೂ ಇವೆಯೆಂದು ಒಪ್ಪಿಕೊಳ್ಳಲೇಬೇಕಾಯಿತು. ಒಪ್ಪಿಕೊಂಡಷ್ಟೂ, ಹಾಗಾದರೆ ನೀನೇಕೆ ಬಂದೆ ಎಂಬ ಪ್ರಶ್ನೆಯು ಹತ್ತಿರ ಬರುತ್ತಿದ್ದಿತು. ಆತನ ಉತ್ತರವು ಬದಲಾಗಲಿಲ್ಲ. ಪ್ರಶ್ನೆಯನ್ನು ಮಾತ್ರ ಆತನು ಓಡಿಸಿಬಿಡಲಿಲ್ಲ.

1712ರಿಂದ ಮೊದಲುಗೊಂಡು ತಮಿಳರಿಂದಲೇ ಪತ್ರಮುಖೇನ ಅವರ ಆಚಾರವಿಚಾರಗಳ ವಿವರಣೆಯನ್ನು ಬರೆಯಿಸಿಕೊಂಡು ಜರ್ಮನಿಗೆ ಕಳುಹಿಸಿದನು. ಕ್ರೈಸ್ತರ ವಿಷಯದಲ್ಲಿ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದ್ದಕ್ಕೆ ಬಂದ ಉತ್ತರಗಳು ಖಾರವಾಗಿದ್ದವು. ಕುಡಿತ, ಗೋಮಾಂಸ, ಶೌಚವಿಲ್ಲದ ನಡತೆ, ಇವನ್ನು ಕಣ್ಣೆದುರಿಗೆ ಕಾಣುತ್ತಿರುವಾಗ ಅಂಥವರ ಮತವನ್ನು ಹಿಡಿಯುವುದು ಹೇಗೆ ಎಂಬುದು ಅವುಗಳ ತಾತ್ಪರ್ಯ.

ಮೊತ್ತಮೊದಲು, 1707ರ ಮೇ ತಿಂಗಳಿನಲ್ಲಿ, ಆತನಿಂದ ದೀಕ್ಷೆ ಪಡೆದ ಐವರು ಯಾರೆಂದರೆ ಊರಿನ ಯೂರೋಪಿಯನರ ಮನೆಯ ಗುಲಾಮರು. ಕಂಪೆನಿಯ ಜನರಿಗೆ ಇದು ಹಿಡಿಸದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ದುಬಾಷಿ ಅಳಗಪ್ಪನು ಊರು ಬಿಡಬೇಕಾಯಿತು. ತಂಜಾವೂರಿನಲ್ಲಿ ಬೇಡಿ ತೊಡಬೇಕಾಯಿತು. ಪಾದ್ರಿಯ ಸೇವೆಗೆ ನಿಂತ ಪಾಪಕ್ಕೆ ಪಾದ್ರಿಗಿಂತ ಮೊದಲು ಶಿಕ್ಷೆ ಅನುಭವಿಸಿದವನು ಅವನು. ಪಾದ್ರಿಯ ಸರದಿ 1708ರ ನವೆಂಬರಿನಲ್ಲಿ ಬಂದಿತು. ವಿಧವೆಯೊಬ್ಬಳ ಹಣದ ವ್ಯಾಜ್ಯದಲ್ಲಿ ಆಕೆಯ ಪಕ್ಷವನ್ನು ವಹಿಸಿದ್ದಕ್ಕಾಗಿ ಹಾಸಿಯಸನು ಆತನನ್ನು ಕೋಟೆಯೊಳಗೆ ಸೆರೆಯಿಟ್ಟನು. ನಾಲ್ಕು ತಿಂಗಳ ಏಕಾಂತವಾಸ. ಮೊದಲಲ್ಲಿ ಮಸಿ ಲೇಖನಿಗಳೂ ಇಲ್ಲ. ಸೆರೆಯಾಗುವುದಕ್ಕೆ ಸ್ವಲ್ಪವೇ ಮೊದಲು, ಅಕ್ಟೋಬರಿನಲ್ಲಿ, ಹೊಸ ಒಡಂಬಡಿಕೆಯ ತಮಿಳು ಭಾಷಾಂತರವನ್ನು ಆರಂಭಿಸಿದ್ದನು. ಬಿಡುಗಡೆಯಾದ ಮೇಲೆ ಅದನ್ನೇ ಕೈಗೆತ್ತಿಕೊಂಡು 1711ರ ಮಾರ್ಚಿಯಲ್ಲಿ ಮುಗಿಸಿದನು.

ಅಚ್ಚಿನ ಕೆಲಸದ ಕಥೆಯು ದೊಡ್ಡದು. ಲಂಡನ್ನಿನ ಸಂಘವೊಂದು ಕಳುಹಿಸಿದ ಅಚ್ಚಿನ ಯಂತ್ರವು ಫ್ರೆಂಚರ ಕೈಗೆ ಸಿಕ್ಕಿ, ಹೇಗೋ ಬಿಡುಗಡೆಯಾಗಿ ಬಂದು ಸೇರಿತು. ಜೊತೆಗೆ ಹೊರಟ ಅಚ್ಚುಗಾರನು ದಾರಿಯಲ್ಲಿಯೇ ತೀರಿಹೋದನು. ಹಾಲೆಯಲ್ಲಿ ಎರಕ ಹೊಯ್ದು ಕಳುಹಿಸಿದ ತಮಿಳು ಮೊಳೆಗಳು ಅತಿ ದಪ್ಪವಾಗಿ, ಕಾಗದವನ್ನೆಲ್ಲ ನುಂಗತೊಡಗಿದವು. ಆಗ ಇಂಗ್ಲೆಂಡಿನಿಂದ ಬಂದ ಗಿಣ್ಣಿನ ಡಬ್ಬಿಗಳ ಸೀಸವನ್ನು ಕರಗಿಸಿ ಸಣ್ಣ ಮೊಳೆಗಳನ್ನು ತರಂಗಂಬಾಡಿಯಲ್ಲಿಯೇ ಎರಕ ಹೊಯ್ದರು. 1715ರ ವೇಳೆಗೆ ಹೊಸ ಒಡಂಬಡಿಕೆಯು ಅಚ್ಚಾಗಿ ಮುಗಿದಿತ್ತು.

ಆತನನ್ನು ಕುಗ್ಗಿಸಿದ್ದು ಸೆರೆಮನೆಯಲ್ಲ, ಸ್ವಜನರ ಕಾಗದಗಳು. ದಕ್ಷಿಣ ದೇಶದ ದೇವತೆಗಳ ವಂಶಾವಳಿಯನ್ನು ಕುರಿತು 1713ರಲ್ಲಿ ಒಂದು ದೊಡ್ಡ ಗ್ರಂಥವನ್ನು ಬರೆದು ಅಭಿಮಾನದಿಂದ ಹಾಲೆಗೆ ಕಳುಹಿಸಿದನು. ಅಲ್ಲಿಂದ ಪ್ರಶಂಸೆ ಬರಲಿಲ್ಲ. ಅನ್ಯಮತವನ್ನು ಬೇರುಸಹಿತ ಕೀಳುವುದಕ್ಕೆ ಹೋದವನು ಅದರ ಕಟ್ಟುಕಥೆಗಳನ್ನು ಯೂರೋಪಿನಲ್ಲಿ ಬಿತ್ತಬಾರದೆಂಬುದು ಗುರು ಫ್ರಾಂಕೆಯ ಅಭಿಪ್ರಾಯವೆಂದು ಹೇಳುತ್ತಾರೆ. ಗ್ರಂಥವು ಪೆಟ್ಟಿಗೆಯಲ್ಲಿ ಉಳಿಯಿತು. ಸ್ವದೇಶಕ್ಕೆ ಹೋಗಿ 1716ರಲ್ಲಿ ಪತ್ನೀಸಮೇತನಾಗಿ ಹಿಂದಿರುಗಿದ ಮೇಲೆ ಕೋಪನ್‌ಹೇಗನ್ನಿನ ಹೊಸ ಕಾರ್ಯದರ್ಶಿಯು ಇನ್ನೊಂದು ರಾಗ ತೆಗೆದನು: ಪ್ರಾಚೀನ ಶಿಷ್ಯರು ಬರಿಗೈಯಲ್ಲಿ ನಡೆದರು, ನಿಮಗೆ ಕಟ್ಟಡಗಳೇಕೆ, ಮನೆಮಠಗಳೇಕೆ? ಅದೇ ಸಮಯದಲ್ಲಿ ಹೊಸ ಜೆರೂಸಲೇಮ್ ದೇವಾಲಯದ ಗೋಡೆಗಳು ಏಳುತ್ತಿದ್ದವು. 1718ರ ಅಕ್ಟೋಬರಿನಲ್ಲಿ ಅದರ ಪ್ರತಿಷ್ಠೆಯಾಯಿತು. ನಾಲ್ಕೇ ತಿಂಗಳು ಕಳೆದು, 1719ನೆಯ ಫೆಬ್ರುವರಿ 23ರಂದು, ಹಳೆಯ ಹೊಟ್ಟೆಯ ಬೇನೆಯಲ್ಲಿ ನವೆದು ಆತನು ತೀರಿಕೊಂಡನು. ವಯಸ್ಸು ಮೂವತ್ತಾರು. ಹಳೆಯ ಒಡಂಬಡಿಕೆಯ ಭಾಷಾಂತರವು ರೂತಳ ಕಥೆಯವರೆಗೆ ಬಂದು ನಿಂತಿತ್ತು.

ಆತನನ್ನು ಆ ದೇವಾಲಯದೊಳಗೆಯೇ ಸಮಾಧಿ ಮಾಡಿದರು. ಪೆಟ್ಟಿಗೆಯಲ್ಲಿದ್ದ ದೇವತೆಗಳ ವಂಶಾವಳಿಯನ್ನು ಗೆರ್ಮನ್ ಎಂಬ ಇನ್ನೊಬ್ಬ ಜರ್ಮನ್ ಪಾದ್ರಿಯು 1867ರಲ್ಲಿ ಮದರಾಸಿನಲ್ಲಿ ಅಚ್ಚು ಹಾಕಿಸಿದನು.